‘ಎಷ್ಟು ಎಕ್ಸ್?’ ಎಂದಷ್ಟೇ ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಕೆರೆಗಳಿಗೆ ವಲಸೆ ಹಕ್ಕಿಗಳು ಬರುತ್ತವೆ, ಅಂಗಡಿಗಳಿಗೆ ಬೈನಾಕ್ಯುಲರ್ ಕೊಳ್ಳುವವರು ಬರುತ್ತಾರೆ. ಬಂದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಕ್ಸ್ ಇದೆ?’ ಎಂದರೆ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ? ಬಹುಪಾಲು ಮಂದಿಗೆ ಅದೇ ಕೊನೆಯ ಪ್ರಶ್ನೆಯೂ ಹೌದು. ಜಾಹೀರಾತುಗಳೂ ಆ ಒಂದು ಸಂಖ್ಯೆಯನ್ನೇ ದಪ್ಪಕ್ಷರದಲ್ಲಿ ಕೂಗುತ್ತವೆ. ನೋಟ ಎಷ್ಟು ಅಗಲ ಎಂಬುದನ್ನು ತಿಳಿಸುವ ಸಂಖ್ಯೆ ಅದೇ ಪೆಟ್ಟಿಗೆಯ ಬದಿಯಲ್ಲೋ, ಬೈನಾಕ್ಯುಲರಿನ ಬೆನ್ನ ಮೇಲೋ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಓದುವವರು ಕಡಿಮೆ. ಕೊಂಡುಹೋದ ಮೇಲೆ ‘ಕೊಂಬೆಯಲ್ಲಿ ಹಕ್ಕಿ ಇದೆ, ಇದರಲ್ಲಿ ಮಾತ್ರ ಸಿಗುತ್ತಿಲ್ಲ’ ಎಂಬ ದೂರು ಶುರುವಾಗುವುದು ಇಲ್ಲಿಂದಲೇ. ಈ ಎರಡು ಸಂಖ್ಯೆಗಳನ್ನು ಜೊತೆಯಾಗಿ ಓದುವುದು ಹೇಗೆಂದು ನಿಮ್ಮ ಓದುಗರಿಗೆ ತಿಳಿಸುವ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಗುಣಾಕಾರ ಇದೆ, ಸಹಿಸಿಕೊಳ್ಳಬೇಕು.

8×42 ಎಂದು ಬರೆದಿದ್ದರೆ 8 ಎಂಬುದು ವರ್ಧನೆ. 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿ ಕೂತಷ್ಟು ದೊಡ್ಡದಾಗಿ ಕಾಣುತ್ತದೆ. 10×42ರಲ್ಲಿ ಅದೇ ಹಕ್ಕಿ 8 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. 42 ಎಂಬುದು ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ನೋಟದ ಅಗಲವನ್ನು ಎರಡು ರೀತಿಯಲ್ಲಿ ಬರೆಯುವುದುಂಟು: ಒಂದೋ ‘8 ಡಿಗ್ರಿ’ ಎಂದು ಕೋನದಲ್ಲಿ, ಇಲ್ಲವೇ ‘1000 ಮೀಟರಿಗೆ 140 ಮೀಟರ್’ ಎಂದು. ಎರಡೂ ಒಂದೇ. 1000 ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 17.5 ಮೀಟರ್ ಅಗಲ. ಹಾಗಾಗಿ 140ನ್ನು 17.5ರಿಂದ ಭಾಗಿಸಿದರೆ 8 ಡಿಗ್ರಿ ಬರುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಮಾದರಿಗಳಲ್ಲಿ ‘1000 ಗಜಕ್ಕೆ 420 ಅಡಿ’ ಎಂದಿರುತ್ತದೆ. 420 ಎಂಬುದು 140ಕ್ಕಿಂತ ದೊಡ್ಡದೆಂದು ಅದನ್ನು ಎತ್ತಿಕೊಂಡವರು ಮೋಸ ಹೋಗುತ್ತಾರೆ. 1000 ಗಜ ಎಂದರೆ 3000 ಅಡಿ. ಅಡಿಯ ಲೆಕ್ಕವನ್ನು 3ರಿಂದ ಭಾಗಿಸಿದರೆ ನೇರವಾಗಿ ಮೀಟರ್ ಲೆಕ್ಕ ಸಿಗುತ್ತದೆ. 420 ಅಡಿಯೂ 140 ಮೀಟರೂ ಒಂದೇ ನೋಟ.

ಈಗ ಹೋಲಿಕೆ. ಮಧ್ಯಮ ದರ್ಜೆಯ ಒಂದು 8×42ರಲ್ಲಿ 8 ಡಿಗ್ರಿ ನೋಟ, ಅದೇ ತಯಾರಿಕೆಯ 10×42ರಲ್ಲಿ 6.5 ಡಿಗ್ರಿ ನೋಟ ಇದೆಯೆಂದುಕೊಳ್ಳಿ. ಅಂಗಡಿಯಲ್ಲಿ ಎರಡನ್ನೂ ಕಣ್ಣಿಗೆ ಹಿಡಿದರೆ ಒಳಗೆ ಕಾಣುವ ವೃತ್ತ ಹೆಚ್ಚುಕಡಿಮೆ ಒಂದೇ ಗಾತ್ರದ್ದೆನಿಸುತ್ತದೆ. ಕಾರಣ ಸರಳ. ನಿಜವಾದ ಕೋನವನ್ನು ವರ್ಧನೆಯಿಂದ ಗುಣಿಸಿ: 8×8 ಎಂದರೆ 64, 10×6.5 ಎಂದರೆ 65. ಇದು ಕಣ್ಣಿಗೆ ತೋರುವ ಅಗಲ. ಐಎಸ್‌ಒ 14132 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟ್ಯಾಂಜೆಂಟ್ ಹಿಡಿದು ಲೆಕ್ಕ ಹಾಕಿದರೆ ಇವೇ ಸಂಖ್ಯೆಗಳು 58 ಮತ್ತು 59ಕ್ಕೆ ಇಳಿಯುತ್ತವೆ. ಆದ್ದರಿಂದ ಒಂದು ಕಂಪನಿಯ ಕರಪತ್ರದಲ್ಲಿ 65 ಎಂದೂ ಇನ್ನೊಂದರಲ್ಲಿ 59 ಎಂದೂ ಇದ್ದರೆ ಎರಡನೆಯದು ಕಿರಿದೆಂದು ತೀರ್ಮಾನಿಸಬೇಡಿ, ಲೆಕ್ಕದ ರೀತಿ ಬೇರೆ ಇರಬಹುದು. ‘ವೈಡ್ ಆಂಗಲ್’ ಎಂಬ ಹಣೆಪಟ್ಟಿಗೂ ಗುಣಾಕಾರದ ಹಳೆಯ ಲೆಕ್ಕದಲ್ಲಿ 65, ಐಎಸ್‌ಒದ ಹೊಸ ಲೆಕ್ಕದಲ್ಲಿ 60 ಡಿಗ್ರಿ ದಾಟಿರಬೇಕು. ಗೊಂದಲವೇ ಬೇಡವೆಂದರೆ ಮೀಟರಿನ ಸಂಖ್ಯೆಯನ್ನೇ ಹೋಲಿಸುವುದು ಒಳ್ಳೆಯದು.

ವೃತ್ತದ ಗಾತ್ರ ಒಂದೇ ಆದರೂ ಅದರೊಳಗೆ ಹಿಡಿಯುವ ಹೊರಜಗತ್ತು ಒಂದೇ ಅಲ್ಲ. 20 ಮೀಟರ್ ದೂರದ ಆಲದ ಮರದಲ್ಲಿ 8ರ ಬೈನಾಕ್ಯುಲರ್ 2.8 ಮೀಟರ್ ಅಗಲದ ಹಸಿರನ್ನು ತೋರಿಸುತ್ತದೆ, 10ರದ್ದು 2.3 ಮೀಟರ್. ಅರ್ಧ ಮೀಟರ್ ತಾನೇ ಎನಿಸಬಹುದು. ಆದರೆ ನೋಟ ವೃತ್ತಾಕಾರದ್ದು, ಅಗಲ ಕುಗ್ಗಿದರೆ ಎತ್ತರವೂ ಕುಗ್ಗುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ 10ರದ್ದು 8ರದ್ದರ ಮೂರರಲ್ಲಿ ಎರಡು ಪಾಲು ಮಾತ್ರ. ಹಕ್ಕಿಯನ್ನು ಕಾಲು ಪಾಲು ದೊಡ್ಡದು ಮಾಡಿಕೊಳ್ಳಲು ನೋಟದ ಮೂರನೇ ಒಂದು ಪಾಲು ಕೊಟ್ಟಂತಾಯಿತು. ಎಲೆಯ ಮರೆಯಲ್ಲಿ ಕ್ಷಣಕ್ಕೊಂದು ಕೊಂಬೆಗೆ ಹಾರುವ ಉಲಿಯಕ್ಕಿಯನ್ನು ಹುಡುಕುವವರಿಗೆ ಇದು ನಷ್ಟದ ವ್ಯಾಪಾರ. ಪಶ್ಚಿಮ ಘಟ್ಟದ ಕಾಡು, ಕಾಫಿ ತೋಟ, ಊರ ಹೊರಗಿನ ಗೋಣಿಮರ ಇವಕ್ಕೆಲ್ಲ 8 ಸಾಕು, ಸಾಕು ಮಾತ್ರವಲ್ಲ, ಅದೇ ಸರಿ.

ಬಯಲಿನಲ್ಲಿ ಲೆಕ್ಕ ತಿರುಗುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯನ್ನು 2024ರಲ್ಲಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಿಂದ ನೋಡುತ್ತೀರೆನ್ನಿ. 200 ಮೀಟರ್ ದೂರದಲ್ಲಿ 8ರ ನೋಟ 28 ಮೀಟರ್, 10ರ ನೋಟ 23 ಮೀಟರ್. ಎರಡರಲ್ಲೂ ಹಿಂಡು ಹಿಡಿಯುತ್ತದೆ, ಹುಡುಕಾಟ ಇಲ್ಲ. ಇಲ್ಲಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸಲು 10 ನೆರವಾಗುತ್ತದೆ. ಅಘನಾಶಿನಿ ಅಳಿವೆಯ ಕೆಸರಿನಲ್ಲಿ ದೂರದೂರ ಓಡಾಡುವ ಗೊರವಗಳಿಗೂ, ಹುಲ್ಲುಗಾವಲಿನ ಮೇಲೆ ತೇಲುವ ಗಿಡುಗಗಳಿಗೂ ಇದೇ ಮಾತು. ರಂಗನತಿಟ್ಟಿನ ದೋಣಿಯಲ್ಲಿ ಮತ್ತೆ ಲೆಕ್ಕ ಬದಲು. ದೋಣಿ ಅಲ್ಲಾಡುತ್ತದೆ, ಹಕ್ಕಿ ಹತ್ತಿರದಲ್ಲೇ ಇರುತ್ತದೆ. ಕೈ ನಡುಕವೂ ದೋಣಿಯ ಓಲಾಟವೂ ಹಕ್ಕಿಯ ಜೊತೆಗೇ ಹತ್ತು ಪಟ್ಟು ಹಿಗ್ಗುತ್ತವೆ. ಸಮುದ್ರದಲ್ಲಿ ಕೆಲಸ ಮಾಡುವವರು ಇವತ್ತಿಗೂ 7×50 ಬಿಡದಿರುವುದು ಈ ಕಾರಣಕ್ಕೇ.

ಇನ್ನೊಂದು ತಪ್ಪು ಕಲ್ಪನೆ ಅಂಗಡಿಯವರಲ್ಲೂ ಇದೆ: ಮುಂದಿನ ಗಾಜು ದೊಡ್ಡದಿದ್ದರೆ ಜಾಗವೂ ಹೆಚ್ಚು ಕಾಣುತ್ತದೆ ಎಂಬುದು. ಇಲ್ಲ. ಮುಂದಿನ ಗಾಜು ಬೆಳಕು ಹಿಡಿಯುವ ಬಾಯಿ ಅಷ್ಟೆ. ಅಗಲವನ್ನು ತೀರ್ಮಾನಿಸುವುದು ಆ ಗಾಜಿನ ನಾಭಿದೂರ ಮತ್ತು ಕಣ್ಣ ಬಳಿಯ ಮಸೂರದೊಳಗಿನ ಒಂದು ಬಳೆ. ವೃತ್ತದ ಸುತ್ತ ಕಾಣುವ ಕಪ್ಪು ಅಂಚು ಆ ಬಳೆಯದ್ದೇ. ಆದ್ದರಿಂದಲೇ ಜೇಬಿಗೆ ಹತ್ತಿರವಾದ 8×32 ಎಷ್ಟೋ ಸಲ ದಪ್ಪನೆಯ 8×42ಕ್ಕಿಂತ ಅಗಲವಾಗಿ ತೋರಿಸುತ್ತದೆ. ದೊಡ್ಡ ಗಾಜಿನ ಲಾಭ ಮುಸ್ಸಂಜೆಯಲ್ಲಿ ಗೊತ್ತಾಗುತ್ತದೆ. ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2, 10×25ರಲ್ಲಿ 2.5. ಹಗಲಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿ.ಮೀ. ಇರುವುದರಿಂದ ಮೂರೂ ಒಂದೇ. ದರೋಜಿಯಲ್ಲಿ ಸಂಜೆ ಕರಡಿ ಬಂಡೆ ಇಳಿಯುವ ಹೊತ್ತಿಗೆ 10×25 ಹಿಡಿದವರು ಮೊದಲು ಕೈಚೆಲ್ಲುತ್ತಾರೆ.

ಈಗ ಈ ಪತ್ರಕ್ಕೆ ನಿಜವಾದ ಕಾರಣವಾದ ವಿಷಯಕ್ಕೆ ಬರುತ್ತೇವೆ. ಪ್ರವಾಸಿ ತಾಣಗಳ ಬೀದಿಬದಿಯಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ ‘30×60’ ಎಂದು ಬರೆದ ಅಂಗೈಯಗಲದ ಮಡಚುವ ಬೈನಾಕ್ಯುಲರುಗಳು ಮಾರಾಟವಾಗುತ್ತವೆ. ‘100×180’ ಎಂದು ಬರೆದವೂ ಇವೆ. ಆ 30×60ರ ಬೆನ್ನ ಮೇಲೇ ‘126 ಮೀ/1000 ಮೀ’ ಎಂದು ಇರುತ್ತದೆ. ಮೇಲಿನ ಲೆಕ್ಕವನ್ನೇ ಹಾಕಿ ನೋಡಿ. 126ನ್ನು 17.5ರಿಂದ ಭಾಗಿಸಿದರೆ 7.2 ಡಿಗ್ರಿ. ಅದನ್ನು 30ರಿಂದ ಗುಣಿಸಿದರೆ 216 ಡಿಗ್ರಿ. ಎಂದರೆ ಕೊಳ್ಳುವವನಿಗೆ ತನ್ನ ಕಿವಿಯ ಹಿಂದಿನದೂ ಕಾಣಬೇಕು! ಒಳ್ಳೆಯ ಬೈನಾಕ್ಯುಲರುಗಳಲ್ಲಿ ಈ ಗುಣಲಬ್ಧ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ಎರಡೂವರೆ ಕಿಲೋ ತೂಗುವ ನಿಕಾನ್ ಡಬ್ಲ್ಯೂಎಕ್ಸ್ 10×50ರಲ್ಲಿ 9 ಡಿಗ್ರಿ ನೋಟ, ಗುಣಲಬ್ಧ 90. ಅದನ್ನು ಕೈಯಲ್ಲಿ ಹಿಡಿದು ನೋಡುವುದಕ್ಕಿಂತ ಮುಕ್ಕಾಲಿಯ ಮೇಲಿಟ್ಟು ನೋಡುವುದೇ ವಾಸಿ, ಬೆಲೆಯೂ ಅಷ್ಟೇ ಭಾರ. ಆದ್ದರಿಂದ ಗುಣಲಬ್ಧ 90 ದಾಟಿದ್ದರೆ ಎರಡು ಸಂಖ್ಯೆಗಳಲ್ಲಿ ಒಂದಂತೂ ಸುಳ್ಳು. ನಿಜವಾದ 30 ಪಟ್ಟಿನ ಸಾಧನದಲ್ಲಿ ನೋಟ ಎರಡು ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ, ಮೀಟರಿನಲ್ಲಿ 40 ದಾಟುವುದು ಕಷ್ಟ. ಬೀದಿಬದಿಯ ‘30’ರಲ್ಲಿ ಸಾಮಾನ್ಯವಾಗಿ ನೋಟದ ಸಂಖ್ಯೆ ಸತ್ಯಕ್ಕೆ ಹತ್ತಿರ, ವರ್ಧನೆಯದೇ ಸುಳ್ಳು.

ಪರೀಕ್ಷಿಸಲು ಉಪಕರಣವೇನೂ ಬೇಡ, ಶಾಲಾ ಮಕ್ಕಳ ಸ್ಕೇಲು ಸಾಕು. ಮೊದಲು ಮುಂದಿನ ಗಾಜಿನ ವ್ಯಾಸ ಅಳೆಯಿರಿ. ‘60’ ಎಂದಿರುವಲ್ಲಿ 21, 22 ಮಿ.ಮೀ. ಸಿಕ್ಕರೆ ಅರ್ಧ ಸುಳ್ಳು ಅಲ್ಲೇ ಬಯಲಾಯಿತು. ಬಳಿಕ ಬೈನಾಕ್ಯುಲರನ್ನು ಬೆಳಕಿರುವ ಆಕಾಶದತ್ತ ತಿರುಗಿಸಿ (ಸೂರ್ಯನತ್ತ ಯಾವತ್ತೂ ಬೇಡ) ತೋಳಿನಷ್ಟು ದೂರ ಹಿಡಿಯಿರಿ. ಕಣ್ಣಿಡುವ ಗಾಜಿನಲ್ಲಿ ಒಂದು ಪುಟ್ಟ ಬೆಳಕಿನ ವೃತ್ತ ಕಾಣುತ್ತದೆ. ಅದರ ಅಡ್ಡಳತೆ ತೆಗೆದು, ಮುಂದಿನ ಗಾಜಿನ ವ್ಯಾಸವನ್ನು ಅದರಿಂದ ಭಾಗಿಸಿ. 22ಕ್ಕೆ ಎರಡೂಮುಕ್ಕಾಲು ಬಂದರೆ ವರ್ಧನೆ 8. ಆ ವೃತ್ತ ದುಂಡಗೆ, ಅಂಚಿನವರೆಗೂ ಒಂದೇ ಸಮ ಬೆಳ್ಳಗಿರಬೇಕು. ನಾಲ್ಕು ಬದಿ ಕತ್ತರಿಸಿದಂತೆ ಬೂದು ನೆರಳಿದ್ದರೆ ಒಳಗಿನ ಪ್ರಿಸಂ ಅಗ್ಗದ ಗಾಜಿನದು.

ಪುಟ್ಟ ವೃತ್ತವನ್ನು ಸ್ಕೇಲಿನಲ್ಲಿ ಅಳೆಯುವಾಗ ಅರ್ಧ ಮಿಲಿಮೀಟರ್ ತಪ್ಪಿದರೂ ಉತ್ತರ ಏರುಪೇರಾಗುತ್ತದೆ. ಹಾಗಾಗಿ ಇನ್ನೊಂದು ಪರೀಕ್ಷೆ. ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ ಗಾರೆ ಮೆತ್ತದ ಇಟ್ಟಿಗೆ ಗೋಡೆ ಹುಡುಕಿ. ಒಂದು ಕಣ್ಣಿಗೆ ಬೈನಾಕ್ಯುಲರಿನ ಒಂದು ಕೊಳವೆ, ಇನ್ನೊಂದು ಬರಿಗಣ್ಣು, ಎರಡೂ ತೆರೆದಿರಲಿ. ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಇಟ್ಟಿಗೆಯ ಚಿತ್ರ ಚಿಕ್ಕ ಇಟ್ಟಿಗೆಗಳ ಚಿತ್ರದ ಮೇಲೆ ಕೂರುತ್ತದೆ. ಒಂದು ದೊಡ್ಡ ಇಟ್ಟಿಗೆಯ ಎತ್ತರದೊಳಗೆ ಎಷ್ಟು ಚಿಕ್ಕ ವರಸೆ ಹಿಡಿಯುತ್ತವೆ ಎಂದು ಎಣಿಸಿ. ಎಂಟು ವರಸೆ ಹಿಡಿದರೆ ಎಂಟು ಪಟ್ಟು. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಗೋಡೆ ಸುಳ್ಳು ಹೇಳುವುದಿಲ್ಲ.

ನೋಟದ ಅಗಲಕ್ಕೂ ಗೋಡೆಯೇ ಸಾಕ್ಷಿ. ಗೋಡೆಯಿಂದ ಟೇಪಿನಲ್ಲಿ 20 ಮೀಟರ್ ಅಳೆದು ನಿಲ್ಲಿ. ಬೈನಾಕ್ಯುಲರನ್ನು ಏನಾದರೊಂದರ ಮೇಲೆ ಅಲ್ಲಾಡದಂತೆ ಇಟ್ಟು, ವೃತ್ತದ ಎಡ ಅಂಚು ಬಲ ಅಂಚು ಎಲ್ಲಿ ಬೀಳುತ್ತವೆಯೋ ಅಲ್ಲಿ ಜೊತೆಗಿದ್ದವರಿಂದ ಸೀಮೆಸುಣ್ಣದ ಗುರುತು ಹಾಕಿಸಿ. ಆ ಎರಡು ಗುರುತುಗಳ ನಡುವಿನ ಅಂತರವನ್ನು ಮೀಟರಿನಲ್ಲಿ ಅಳೆದು 50ರಿಂದ ಗುಣಿಸಿದರೆ ‘1000 ಮೀಟರಿಗೆ ಇಷ್ಟು’ ಎಂಬ ಸಂಖ್ಯೆ ಬರುತ್ತದೆ. ಹತ್ತಿರಕ್ಕೆ ಫೋಕಸ್ ಮಾಡಿದಾಗ ಅಗಲ ಒಂದಿಷ್ಟು ಬದಲಾಗುವುದರಿಂದ ಪೆಟ್ಟಿಗೆಯ ಸಂಖ್ಯೆಗಿಂತ ಎರಡು ಮೂರು ಮೀಟರ್ ವ್ಯತ್ಯಾಸ ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಪ್ಪತ್ತು ಮೀಟರ್ ವ್ಯತ್ಯಾಸ ಬಂದರೆ ವಾಪಸ್ ಕೊಡಿ.

ಕನ್ನಡಕ ಹಾಕುವವರಿಗೆ ಇಷ್ಟೂ ಲೆಕ್ಕ ಸರಿಯಿದ್ದೂ ಮೋಸವಾಗಬಹುದು. ಕಣ್ಣು ಗಾಜಿನಿಂದ ಎಷ್ಟು ದೂರದವರೆಗೆ ಸರಿದರೂ ಪೂರ್ತಿ ವೃತ್ತ ಕಾಣುತ್ತದೆ ಎಂಬ ಅಳತೆಗೆ ‘ಐ ರಿಲೀಫ್’ ಎನ್ನುತ್ತಾರೆ. ಕನ್ನಡಕದವರಿಗೆ ಅದು ಕನಿಷ್ಠ 15 ಮಿ.ಮೀ., ದಪ್ಪ ಗಾಜಾದರೆ 17, 18 ಬೇಕು. 10 ಮಿ.ಮೀ. ಇರುವ ಬೈನಾಕ್ಯುಲರನ್ನು ಕನ್ನಡಕದ ಮೇಲೆ ಹಿಡಿದರೆ ಪೆಟ್ಟಿಗೆಯಲ್ಲಿ 140 ಮೀಟರ್ ಎಂದಿದ್ದರೂ ಕಾಣುವುದು ನಡುವಿನ ತುಣುಕು ಮಾತ್ರ. ಅಂಗಡಿಯಲ್ಲೇ ನೋಡಿಕೊಳ್ಳಿ: ವೃತ್ತದ ಕಪ್ಪು ಅಂಚು ಸುತ್ತಲೂ ಗೆರೆ ಎಳೆದಂತೆ ಸ್ಪಷ್ಟವಾಗಿ ಕಂಡರೆ ಪೂರ್ತಿ ನೋಟ ಸಿಗುತ್ತಿದೆ ಎಂದರ್ಥ. ಅಂಚು ಮಸುಕಾಗಿ ಓಡಾಡುತ್ತಿದ್ದರೆ ಸಿಗುತ್ತಿಲ್ಲ. ಕಣ್ಣಿಡುವಲ್ಲಿನ ತಿರುಗಿಸುವ ರಬ್ಬರ್ ಬಟ್ಟಲನ್ನು ಕನ್ನಡಕದವರು ಪೂರ್ತಿ ಒಳಗಿಳಿಸಬೇಕು, ಬರಿಗಣ್ಣಿನವರು ಹೊರಗೆಳೆಯಬೇಕು. ಎಷ್ಟೋ ಮಂದಿ ಇದನ್ನು ಮುಟ್ಟದೆಯೇ ‘ಕಿರಿದು’ ಎಂದು ದೂರುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಎರಡು ವೃತ್ತ ಅಂಟಿಕೊಂಡ ಚಿತ್ರ ಕಂಡರೆ ನಡುವಿನ ಕೀಲನ್ನು ನಿಮ್ಮ ಕಣ್ಣುಗಳ ಅಂತರಕ್ಕೆ ಸರಿಪಡಿಸಿಲ್ಲ ಎಂದು ತಿಳಿಯಿರಿ. ಸರಿಯಾಗಿದ್ದರೆ ಒಂದೇ ವೃತ್ತ ಕಾಣಬೇಕು.

ಅಗಲವೊಂದೇ ಗುಣವೆಂದೂ ನಾವು ಹೇಳುತ್ತಿಲ್ಲ. ಅಗ್ಗದ ಬೈನಾಕ್ಯುಲರಿನಲ್ಲಿ 9 ಡಿಗ್ರಿ ಕೊಟ್ಟಿದ್ದರೆ ನಡುವಿನ ಅರ್ಧ ಮಾತ್ರ ಚೊಕ್ಕವಾಗಿದ್ದು ಅಂಚೆಲ್ಲ ಕಲಸಿರುವ ಸಾಧ್ಯತೆ ಹೆಚ್ಚು. ದೂರದ ಅಂಗಡಿಯ ಬೋರ್ಡನ್ನು ನಡುವಿಟ್ಟು ಫೋಕಸ್ ಮಾಡಿ, ಆಮೇಲೆ ನಿಧಾನಕ್ಕೆ ಅಂಚಿಗೆ ಸರಿಸಿ. ಅಕ್ಷರ ಎಲ್ಲಿ ಓದಲಾರದಂತಾಯಿತೋ ಅಲ್ಲಿಗೆ ಉಪಯೋಗದ ನೋಟ ಮುಗಿಯಿತು. ಅಂಚಿನಲ್ಲಿದ್ದಾಗ ಫೋಕಸ್ ಚಕ್ರ ತಿರುಗಿಸಿದರೆ ಅಕ್ಷರ ಮತ್ತೆ ಸ್ಪಷ್ಟವಾಗುವುದಾದರೆ ದೋಷ ಸಹಿಸಬಹುದಾದದ್ದು, ಬಿಂಬ ಬಟ್ಟಲಿನಂತೆ ಬಾಗಿದೆ ಅಷ್ಟೆ. ತಿರುಗಿಸಿದರೂ ಕಲಸಿಯೇ ಇದ್ದರೆ ಮಸೂರವೇ ಕಳಪೆ. ಆದರೂ ಅಂಚು ಮಸುಕಾಗಿದ್ದರೂ ಅಲ್ಲಿ ರೆಕ್ಕೆ ಅಲುಗಿದ್ದು ಕಣ್ಣಿಗೆ ಬೀಳುತ್ತದೆ. 7 ಡಿಗ್ರಿ ಪೂರ್ತಿ ಸ್ವಚ್ಛ, 8 ಡಿಗ್ರಿ ಅಂಚು ಸ್ವಲ್ಪ ಮಸುಕು, ಈ ಎರಡರ ನಡುವೆ ಕಾಡಿಗೆ ಹೋಗುವವರು ಎಂಟನ್ನೇ ಆರಿಸಿಕೊಂಡರೆ ತಪ್ಪಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಜೂಮ್ ಬೈನಾಕ್ಯುಲರುಗಳ ಬಗ್ಗೆ ಎರಡೇ ಮಾತು. 10ರಿಂದ 22ರವರೆಗೆ ಹೋಗುವ ಮಾದರಿಯಲ್ಲಿ 10ಕ್ಕೆ ಇಟ್ಟಾಗ ಸಿಗುವುದು ಸುಮಾರು 4 ಡಿಗ್ರಿ, ಗುಣಲಬ್ಧ 40. ಪೈಪಿನೊಳಗಿಂದ ನೋಡಿದ ಹಾಗೆ. 22ಕ್ಕೆ ಏರಿಸಿದರೆ ಬೆಳಕೂ ಇಲ್ಲ, ಸ್ಥಿರತೆಯೂ ಇಲ್ಲ. ಮಕ್ಕಳಿಗೆ, ಶಾಲೆಯ ಪರಿಸರ ಸಂಘಗಳಿಗೆ ಇದನ್ನು ಕೊಡಿಸುವ ದಾನಿಗಳು ಅದೇ ದುಡ್ಡಿಗೆ ಜೂಮ್ ಇಲ್ಲದ 8ರ ಒಂದು ಪೊರೊ ಪ್ರಿಸಂ ಮಾದರಿ ಕೊಡಿಸಲಿ. ನಡುವೆ ಮೆಟ್ಟಿಲಿನಂತೆ ಅಗಲವಾಗುವ ಹಳೆಯ ಆಕಾರದ್ದು ಅದು, ಕಡಿಮೆ ಬೆಲೆಯಲ್ಲಿ ಅಗಲ ನೋಟ ಅದರಲ್ಲೇ ಸಿಗುವುದು. ಮಕ್ಕಳಿಗೆ ಹೇಳಿಕೊಡಬೇಕಾದ ಕ್ರಮವೂ ಒಂದಿದೆ: ಹಕ್ಕಿಯ ಮೇಲಿಟ್ಟ ಕಣ್ಣು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಕಣ್ಣು ತಗ್ಗಿಸಿ ಅದರೊಳಗಿಂದ ಹುಡುಕಲು ಹೊರಟರೆ 8 ಡಿಗ್ರಿಯೂ ಸಾಲದು.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಬೈನಾಕ್ಯುಲರ್ ಜಾಹೀರಾತು ಸ್ವೀಕರಿಸುವಾಗ ವರ್ಧನೆಯ ಪಕ್ಕದಲ್ಲೇ ನೋಟದ ಅಗಲ ಮತ್ತು ಐ ರಿಲೀಫ್ ಅದೇ ಅಕ್ಷರ ಗಾತ್ರದಲ್ಲಿ ಇರಬೇಕೆಂದು ನಿಮ್ಮ ಜಾಹೀರಾತು ವಿಭಾಗ ಕೇಳಲಿ. ಎರಡು ಸಂಖ್ಯೆ ಗುಣಿಸಿ ನೋಡಲು ಅರ್ಧ ನಿಮಿಷ ಬೇಕಿಲ್ಲ. 22 ಮಿ.ಮೀ. ಗಾಜನ್ನು 60 ಎಂದು ಬರೆದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತೇ. ಮೋಸ ಹೋದವರು ಬಿಲ್ಲು, ಪೆಟ್ಟಿಗೆ, ಸ್ಕೇಲು ಹಿಡಿದು ತೆಗೆದ ಗಾಜಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಈಗಾಗಲೇ ಬೈನಾಕ್ಯುಲರ್ ಇರುವವರು ಈ ಚಳಿಗಾಲದಲ್ಲಿ ಗೋಡೆ, ಟೇಪು ಯಾವುದೂ ಇಲ್ಲದೆ ರಾತ್ರಿ ತಾರಸಿಗೆ ಹೋಗಿ ನೋಡಿಕೊಳ್ಳಬಹುದು. ಮಹಾವ್ಯಾಧ ನಕ್ಷತ್ರಪುಂಜದ ಎರಡು ಭುಜಗಳು, ಕೆಂಪಗಿನ ಆರ್ದ್ರಾ ಮತ್ತು ಅದರ ಜೊತೆಯ ಬೆಲಾಟ್ರಿಕ್ಸ್, ಒಂದರಿಂದ ಒಂದು ಏಳೂವರೆ ಡಿಗ್ರಿ ದೂರದಲ್ಲಿವೆ. ಎರಡೂ ಒಟ್ಟಿಗೆ ವೃತ್ತದೊಳಗೆ ಕೂತರೆ ನಿಮ್ಮದು ಏಳೂವರೆಗಿಂತ ಅಗಲ. ಕೂರದಿದ್ದರೆ ಕೆಳಗಿನ ಸೊಂಟಪಟ್ಟಿಯ ಮೂರು ನಕ್ಷತ್ರಗಳಿಗೆ ಬನ್ನಿ, ತುದಿಯಿಂದ ತುದಿಗೆ 2.7 ಡಿಗ್ರಿ. ಆ ಮೂರೂ ಹಿಡಿಯದಿದ್ದರೆ ಅದನ್ನು ಹೊತ್ತುಕೊಂಡು ಕಾಡಿಗೆ ಹೋಗಬೇಡಿ.

ಇತಿ,
ಹಕ್ಕಿ ನೋಡುವ ಹವ್ಯಾಸಿಗಳು, ಮೈಸೂರು